ಬಜರ್ ಹಾಕಿದ ಪಾಠ

ಪೀಣ್ಯದ ಒಂದು ಕಾರ್ಖಾನೆಗೆ ನಾನು ಮನೆಯಲ್ಲೇ ಕೂತು ಆನ್‌ಲೈನ್ ಸುರಕ್ಷತಾ ಪಾಠ ಮಾಡಿಕೊಟ್ಟಿದ್ದೆ. ಅದರ ಪರೀಕ್ಷೆ ಪಾಸಾದವರಿಗಷ್ಟೇ ಇನ್ನು ತಗಡು ಒತ್ತುವ ಪ್ರೆಸ್ ಮಷಿನ್ ಕೆಲಸ. ಅಲ್ಲಿ ದುಡಿಯುವ ಪಕ್ಕದ ಮನೆಯ ಚನ್ನಕ್ಕ ನನ್ನ ಲ್ಯಾಪ್‌ಟಾಪಿನಲ್ಲೇ ಪರೀಕ್ಷೆಗೆ ಕೂತಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಒಂದು ಉತ್ತರ ತಪ್ಪಾಗಿ ಬಜರ್ ಹೊಡೆಯಿತು. ಅವಳು ಎರಡೂ ಕೈ ಎತ್ತಿ ಹಿಂದೆ ಸರಿದು ಕೂತಳು.

“ಮುಂದಿಂದು ಒತ್ತು ಚನ್ನಕ್ಕ.”

“ಕಾರ್ಖಾನ್ಯಾಗ ಬಜರ್ ಆತಂದ್ರ ಕೈ ತೆಗೀಬೇಕ್ರಿ ಅಕ್ಕಾರ. ಸಾಹೇಬ್ರು ಬಂದು ಹೂಂ ಅನ್ನೂತನಕ ಮುಟ್ಟಂಗಿಲ್ಲ.”

“ಅಯ್ಯೋ, ನನ್ನ ಅಡುಗೆಮನೆಗೆ ಯಾವ ಸಾಹೇಬ್ರು ಬರ್ತಾರೆ?”

ಅಷ್ಟರಲ್ಲಿ ಸಮಯ ಮುಗಿದು ಪರದೆ ಕೆಂಪಾಯಿತು, ಅಂದರೆ ಫೇಲು. ಕಲಿಯುವವರು ತೂಕಡಿಸದಿರಲಿ ಎಂದು ಆ ಸದ್ದು ಹಾಕಿದವಳು ನಾನು. ಫಲಿತಾಂಶ ನೇರ ಕಾರ್ಖಾನೆಗೆ ಹೋಗುವಂತೆ ಮಾಡಿದವಳೂ ನಾನೇ.

“ಪಾಸಾದ್ನೇನ್ರಿ ಅಕ್ಕಾರ?”

“ಕೂತ್ಕೊ, ಊಟ ಮಾಡ್ಕೊಂಡು ಹೋಗು,” ಎಂದು ತಟ್ಟೆಗೆ ಅನ್ನ ಹಾಕಿದೆ.