ಬೈಸಿಕೊಳ್ಳಲು ಹೋದ ಎಂಜಿನಿಯರು

ನನ್ನ ತಂಗಿಯ ಗಂಡ ನಲ್ಲಿ ತಿರುಗಿಸದೆ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ನೇರವಾಗಿ ಅಡುಗೆಮನೆಗೆ ನಡೆದು, ಪಾತ್ರೆ ತೊಳೆಯುವ ತೊಟ್ಟಿಗೆ ನೀರು ಭೋರೆಂದು ಸುರಿಯತೊಡಗಿದ ಮೇಲೆ, ಆ ಸದ್ದಿನ ಮರೆಯಲ್ಲಿ ನಿಂತು, ಮಳೆ ಬಂದೀತೇ ಎಂಬಂಥ ಮಾತನ್ನೂ ಪಿಸುಗುಟ್ಟುತ್ತಿದ್ದ. ಊರಿನ ನೀರು ಸರಬರಾಜಿನ ಮುಖ್ಯ ಎಂಜಿನಿಯರು ಅವನು. ಹಗಲಿರುಳು ನೀರು ಬರುವಂತೆ ಮಾಡಿದವನೂ ಅವನೇ. ಆರಡಿ ಆಳು, ಆದರೆ ಈಚೆಗೆ ಗೋಡೆಗೆ ಒತ್ತಿಕೊಂಡೇ ನಡೆದು ನಡೆದು ಕೋಟಿನ ಎಡ ಮೊಣಕೈ ಸುಣ್ಣ ಹತ್ತಿ ಬೆಳ್ಳಗಾಗಿತ್ತು.

ಮೊದಲು ಹೀಗಿರಲಿಲ್ಲ. ನಗರಸಭೆಯಿದ್ದ ಕಾಲದಲ್ಲಿ ಕೆಳಬೀದಿಯಿಂದ ಗೆದ್ದುಬಂದಿದ್ದ ತರಕಾರಿಯವಳೊಬ್ಬಳು ಪ್ರತಿ ಸಭೆಯಲ್ಲೂ ಎದ್ದುನಿಂತು, "ಏನ್ ಎಂಜಿನಿಯರಪ್ಪಾ, ನಿಮ್ಮನೇಲಿ ಸ್ನಾನ ಆಯ್ತಾ? ನಮ್ಮ ಬೀದೀಲಿ ಮುಖ ತೊಳೆಯೋಕೂ ಗತಿಯಿಲ್ಲ!" ಎಂದು ಅವನ ಬೆವರಿಳಿಸುತ್ತಿದ್ದಳು. ಮನೆಗೆ ಬಂದು ಧುಮುಗುಟ್ಟುತ್ತಿದ್ದ. ಮೊದಲು ಏಳಿಗೆ, ಆಮೇಲೆ ಮತ ಎಂದು ಸಾರಿ ಹೊಸ ಆಡಳಿತ ಚುನಾವಣೆಗಳನ್ನು ನಿಲ್ಲಿಸಿದ ದಿನ ಅವನು ಸಿಹಿ ಹಂಚಿದ.

"ಓಟು ಅನ್ನೋದು ಬಡಿಸೋ ಸೌಟು ಅಷ್ಟೆ, ಅಕ್ಕಾ. ಬಡಿಸದಿದ್ರೆ ಬಿಸಾಕಬೇಕು."

"ಬಿಸಾಕು. ಆಮೇಲೆ ಬಡಿಸೋರ ಮುಖ ನೋಡ್ಕೊಂಡು ಕೂತಿರು," ಎಂದೆ.

ನಕ್ಕ. ನೀರು ನಿಜವಾಗಿಯೂ ಬಂತು; ಅದನ್ನು ಇಲ್ಲವೆನ್ನುವಷ್ಟು ಅಪ್ರಾಮಾಣಿಕಳಲ್ಲ ನಾನು. ಗುಡ್ಡದ ಮೇಲಿನ ಹೊಸ ಟ್ಯಾಂಕಿಗೆ ಹಾಕಿದ ಸಿಮೆಂಟು ಸಾಲದೆಂದ ಗಾರೆಯವನನ್ನು ಆಡಳಿತದವರ ಜೀಪು ಬಂದು ಕರೆದೊಯ್ದಾಗಲೂ, "ಏನೋ ಕಿತಾಪತಿ ಮಾಡಿರ್ತಾನೆ" ಎಂದನೇ ಹೊರತು ಎಲ್ಲಿಗೆ ಎಂದು ಕೇಳಲಿಲ್ಲ. ನಲ್ಲಿ ತಿರುಗಿಸುವ ಚಾಳಿ ಶುರುವಾದದ್ದು ಅದರ ಮರುವಾರ.

ಹೋದ ತಿಂಗಳು ಆ ಟ್ಯಾಂಕಿನ ಗೋಡೆಯಲ್ಲಿ ಅಂಗೈ ತೂರುವಷ್ಟು ಬಿರುಕು ಅವನ ಕಣ್ಣಿಗೇ ಬಿತ್ತು. ಕಾವಲಿನವನಿಗೆ ಮೊದಲೇ ಗೊತ್ತಿತ್ತಂತೆ.

"ಯಾಕಯ್ಯಾ ಹೇಳ್ಲಿಲ್ಲ?"

"ಹೇಳಿದ ಗಾರೆಯವನು ವಾಪಸ್ ಬಂದ್ನಾ ಸಾರ್?"

ಟ್ಯಾಂಕು ಒಡೆದರೆ ಕೆಳಬೀದಿ ಕೊಚ್ಚಿಹೋಗುತ್ತದೆ. ಖಾಲಿ ಮಾಡಿಸಿದರೆ ಏಳಿಗೆಯಲ್ಲೇ ಬಿರುಕಿದೆಯೆಂದು ಡಂಗುರ ಹೊಡೆದಂತೆ, ಆಮೇಲೆ ಗಾರೆಯವನ ಗತಿಯೇ. ಮೇಲಿನವರಿಗೆ ಹೇಳಿದ. ಬಿರುಕಿಲ್ಲ ಎಂದರು. ಆಗ ಅವನು ತರಕಾರಿಯವಳ ಮನೆಗೆ ಹೋದ. ಅವಳು ಬೀದಿಯವರನ್ನು ಕೂಡಿಸಿಕೊಂಡು ಬಂದು ಗದ್ದಲವೆಬ್ಬಿಸಲಿ, ಎಲ್ಲರೆದುರು ತನ್ನನ್ನು ಹಿಂದಿನಂತೆ ಹಿಗ್ಗಾಮುಗ್ಗಾ ಬೈಯಲಿ, ಆಗಲಾದರೂ ಮೇಲಿನವರ ಕಿವಿಗೆ ಬಿದ್ದೀತೆಂಬ ಆಸೆ. ಅವಳು ಬಾಗಿಲನ್ನು ಅರ್ಧವೇ ತೆರೆದು, ಅವನ ಬೆನ್ನ ಹಿಂದೆ ಜೀಪಿದೆಯೇ ಎಂದು ಇಣುಕಿ, ಕೈಮುಗಿದಳು.

"ನೀರು ಚೆನ್ನಾಗಿ ಬರ್ತಿದೆ ಸ್ವಾಮಿ. ನಮ್ಮದೇನೂ ತಕರಾರಿಲ್ಲ. ಮಕ್ಕಳು ಮರಿ ಇರೋಳು ನಾನು."

ಒಳಗಿನಿಂದ ಚಿಲಕ ಬಿತ್ತು.

ಅಲ್ಲಿಂದ ಅವನು ನೇರ ಗುಡ್ಡ ಹತ್ತಿ, ಟ್ಯಾಂಕಿನ ತೂಬನ್ನು ತಾನೇ ತೆರೆದು, ತಳ ಕಾಣುವ ತನಕ ಅಲ್ಲೇ ಕೂತಿದ್ದನಂತೆ. ಆಮೇಲೆ ಜೀಪು ಬಂತು. ಕೆಳಬೀದಿ ಉಳಿಯಿತು. ನೀರಿಲ್ಲದ ಊರು ಈಗ ಅವನನ್ನು ಶಪಿಸುತ್ತಿದೆ, ಬಾಗಿಲು ಹಾಕಿಕೊಂಡು. ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ತಂಗಿ ನನ್ನ ಸೆರಗು ಹಿಡಿಯುತ್ತಾಳೆ. ಗದರುತ್ತೇನೆ, ಆಮೇಲೆ ನಾನೇ ಎದ್ದುಹೋಗಿ ಕಿಟಕಿಯ ಸಂದಿಯಿಂದ ಇಣುಕುತ್ತೇನೆ.

ಅವನಂಥವರು ಕೆಟ್ಟವರಲ್ಲ. ಕೆಲಸ ಬಲ್ಲ, ಕೈ ಶುದ್ಧವಿರುವ, ಯಾವುದನ್ನೂ ಅದು ತಂದುಕೊಟ್ಟದ್ದರಿಂದಲೇ ಅಳೆಯುವ ಆತುರದ ಜನ. ತಮ್ಮನ್ನು ಹೆದರದೆ ಬೈಯುವವಳೊಬ್ಬಳು ಊರಲ್ಲಿರುವುದನ್ನೂ ಏಳಿಗೆಯೊಳಗೇ ಸೇರಿಸಬೇಕಿತ್ತೆಂದು ಅವರಿಗೆ ಹೊಳೆಯುವುದು, ಆಕೆ ತಮ್ಮೆದುರು ಕೈಮುಗಿದು ನಿಂತಾಗ ಮಾತ್ರ.