ಆಚೆ ಅಂದರೆ ಯಾವ ಆಚೆ?

ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಬಂದ ಅತ್ತೆ ಕಿರಿಸೊಸೆ ದರ್ಜಿಯ ಮನೆಯಲ್ಲಿ ಝಂಡಾ ಊರಿಬಿಟ್ಟಿದ್ದರು. ಅತ್ತೆಯ ಸ್ವಂತ ಮನೆಯೇನು ದೂರವಿರಲಿಲ್ಲ, ಎದುರು ಬೀದಿಯಲ್ಲೇ, ಹಿರಿಮಗ ಹಿರಿಸೊಸೆಯ ಜೊತೆ. ನಡುವೆ ಇದ್ದದ್ದು ಬರೀ ಒಂದು ರಸ್ತೆ. ಆದರೆ ಅದೆಂಥ ರಸ್ತೆ ಮಾರಾಯ್ರೇ! ಹಿರಿಮಗನ ಸೈಕಲ್ ಹಿಂದೆ ಕೂತು ಬರುವಾಗ ಒಂದು ಲಾರಿ ಅತ್ತೆಯ ಕೈಚೀಲ ಸವರಿಕೊಂಡೇ ಹೋಗಿತ್ತು. "ಸತ್ತರೂ ಇನ್ನು ಈ ರಸ್ತೆ ದಾಟೋದಿಲ್ಲ," ಅಂದರು ಅತ್ತೆ. ಅಲ್ಲಿಗೆ ಮುಗೀತು.

ದರ್ಜಿ ಕೆಟ್ಟವಳೇನಲ್ಲ. ಆದರೆ ಅತ್ತೆ ಬೆಳಿಗ್ಗೆಯೇ ಹೊಲಿಗೆ ಯಂತ್ರದ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು, ಗಿರಾಕಿಗಳ ಎದುರೇ "ಇವರ ಸೊಂಟ ಹೋದ ಸಲಕ್ಕಿಂತ ಅಗಲವಾಗಿದೆಯಲ್ಲೇ" ಅನ್ನುವುದು! ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಂಡರು. ಗಂಡನೋ, ಅಮ್ಮನ ಎದುರು ಉಸಿರೆತ್ತುವ ಆಸಾಮಿಯಲ್ಲ. ಅತ್ತೆ ರಸ್ತೆ ದಾಟದಿದ್ದರೆ ಅಂಗಡಿಗೆ ಬೀಗ ಗ್ಯಾರಂಟಿ.

ದರ್ಜಿ ಟೊಂಕ ಕಟ್ಟಿದಳು. ಎರಡೂ ಬೀದಿಯವರನ್ನು ಹುರಿದುಂಬಿಸಿ, ನಡೆಯೋರಿಗೂ ಸೈಕಲ್ಲಿನವರಿಗೂ ಜೀಬ್ರಾ ಪಟ್ಟೆ ಬೇಕೇ ಬೇಕು ಅಂತ ರಸ್ತೆ ಇಲಾಖೆಯವರ ತಲೆ ತಿಂದಳು. ಬಣ್ಣ ಕೊಡ್ತೀವಿ, ಒಂದು ಬೆಳಿಗ್ಗೆ ರಸ್ತೆ ಮುಚ್ಚಿಸ್ತೀವಿ, ಬಳಿಯೋ ಕೆಲಸ ನಿಮ್ಮದು ಅಂತ ಅವರು ಕೈ ತೊಳೆದುಕೊಂಡರು.

ಎರಡೂ ಬೀದಿಯವರು ಸೇರಿದ ಸಭೆಯಲ್ಲಿ ದರ್ಜಿಯ ಬಾವ, ಅಂದರೆ ಅತ್ತೆಯ ಹಿರಿಮಗ, ಎದ್ದು ನಿಂತ. ಬಡಗಿ, ಮಾತು ಕಡಿಮೆ. "ಎರಡೂ ಬೀದಿಯವರು ಅರ್ಧರ್ಧ ಬಳಿಯೋಣ. ಆಚೆಯಿಂದ ಶುರು ಮಾಡಿ ನಡುವಿಗೆ ಬಂದರಾಯ್ತು." ಎಲ್ಲರೂ ತಲೆಯಾಡಿಸಿದರು. ಆಚೆ ಅಂದರೆ ಯಾವ ಆಚೆ ಅಂತ ಕೇಳುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ದರ್ಜಿಯ ಕಡೆಯವರಿಗೆ ಬಾವನ ಬೀದಿ ಆಚೆ. ಬಾವನ ಕಡೆಯವರಿಗೆ ದರ್ಜಿಯ ಬೀದಿ ಆಚೆ.

ಭಾನುವಾರ ಬೆಳಿಗ್ಗೆ ಬಕೆಟ್ಟು ಹಿಡಿದ ಎರಡು ದಂಡು ನಡುರಸ್ತೆಯಲ್ಲಿ ಎದುರಾದವು.

"ಎಲ್ಲಿಗೆ ಬಾವ?"

"ಆಚೆಗೆ."

"ನಾವೂ ಅಲ್ಲಿಗೇ," ಅಂದಳು ದರ್ಜಿ. ನಗುತ್ತಾ ಒಬ್ಬರನ್ನೊಬ್ಬರು ದಾಟಿ ಹೋದರು. ಒಬ್ಬರ ತಲೆಗೂ ಹೊಳೆಯಲಿಲ್ಲ!

ದರ್ಜಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಅಭ್ಯಾಸಬಲದಿಂದ ಅಂಚಿಗೆ ಹೊಲಿಗೆಯ ಜಾಗವನ್ನೂ ಬಿಟ್ಟಳು. ಬಾವ ಹಲಗೆ ಇಟ್ಟು ಬಳಿದ. ಎದುರುಬದುರು ಯಾವುದು ಅಂತ ನೋಡದೆ, ದರ್ಜಿ ಆ ಬದಿಯ ಬೇಕರಿಯ ಮುಂದಿನಿಂದ ಶುರು ಮಾಡಿದ್ದಳು. ಬಾವನೋ, ಈ ಬದಿಯ ಔಷಧಿ ಅಂಗಡಿಯ ಮುಂದಿನಿಂದ. ನಡುವೆ ಬಂದು ನೋಡಿದರೆ ಪಟ್ಟೆಗೆ ಪಟ್ಟೆ ಸೇರಲೇ ಇಲ್ಲ. ಉಲ್ಟಾ ಹೊಲಿದ ತೋಳಿನ ಹಾಗೆ ಸೊಟ್ಟ.

"ನಿಮ್ಮದು ಸೊಟ್ಟ!"

"ನಿಮ್ಮದೇ ಸೊಟ್ಟ ಕಣಮ್ಮ!"

ಕಿತ್ತಾಡುವಷ್ಟರಲ್ಲಿ ಬಣ್ಣ ಒಣಗಿತು, ರಸ್ತೆ ತೆರೆಯಿತು. ಯಮನಂತೆ ನುಗ್ಗಿ ಬಂದ ಮೊದಲ ಲಾರಿಯವನು ಆ ಸೊಟ್ಟ ಕಂಡು ಗಕ್ಕನೆ ನಿಲ್ಲಿಸಿದ. "ಏನ್ರೀ ಇದು ಅವತಾರ?" ಅವನ ಹಿಂದೆ ಕಾರು, ಬಸ್ಸು, ಎಲ್ಲ ನಿಂತವು. ಎಲ್ಲರಿಗೂ ನೋಡುವ ಚಪಲ. ಸೈಕಲ್ಲಿನವರು ಗಂಟೆ ಬಾರಿಸುತ್ತಾ ಆರಾಮಾಗಿ ದಾಟಿದರು.

ದರ್ಜಿ ಓಡಿಹೋಗಿ ಅತ್ತೆಯನ್ನೂ ಕೈಚೀಲವನ್ನೂ ಹೊರಡಿಸಿದಳು. ಅತ್ತೆ ರಾಣಿಯ ಗತ್ತಿನಲ್ಲಿ ನಡೆದರು, ಸೊಟ್ಟದ ಹತ್ತಿರ ಸೊಟ್ಟಗೆ ತಿರುಗಿ, ತಮ್ಮ ಮನೆ ಬಾಗಿಲು ಮುಟ್ಟಿದರು. ದರ್ಜಿಗೆ ಹೋದ ಜೀವ ಬಂದಂತಾಯಿತು.

"ಇನ್ನು ಭಯ ಹೋಯ್ತಲ್ಲ ಅತ್ತೆ?"

"ಭಯಾನಾ? ಲಾರಿಗೆ ಹೆದರೋಳಾ ನಾನು?" ಅತ್ತೆ ಬಾಗಿಲಲ್ಲಿದ್ದ ಹಿರಿಸೊಸೆಯ ಕಡೆ ಕೈ ತೋರಿದರು. "ಇಲ್ಲಿ ನಾನು ಏನಂದರೂ ಇವಳು 'ಹೌದತ್ತೆ' ಅಂತಾಳೆ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. ನೀನಾದರೆ ಒಂದಕ್ಕೆ ಎರಡು ಕೊಡ್ತೀಯ. ನಿನ್ನ ಜೊತೆ ಹೊತ್ತು ಹೋಗ್ತಿತ್ತು ಕಣೇ."

"ಹೌದತ್ತೆ," ಅಂದಳು ಹಿರಿಸೊಸೆ.

ದರ್ಜಿಗೆ ನಗು ಬಂತು. ಇಷ್ಟು ದಿನ ಇವರನ್ನು ಸಾಗಹಾಕಲು ಎಷ್ಟು ಪರದಾಡಿದೆನಲ್ಲ ಅಂತ ನಾಚಿಕೆಯೂ ಆಯಿತು.

"ದಿನಾ ಬನ್ನಿ. ಅಂಗಡಿ ಮುಚ್ಚಿದ ಮೇಲೆ. ಹೊಟ್ಟೆ ತುಂಬ ಜಗಳ ಆಡೋಣ."

"ನೀನು ಹೇಳಿದ ಹೊತ್ತಿಗೆ ಬರೋಕೆ ನಾನೇನು ನಿನ್ನ ಸೊಸೇನಾ?" ಅಂತ ಗದರಿದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ಎಷ್ಟು ಹೊತ್ತಿಗೆ ಮುಚ್ತೀಯ?" ಅಂದರು.