ಒಪ್ಪಿಗೆ ಕೇಳುವ ಕಿವಿ

ಕಾರ್ನೀಲಿಯಸ್ ಅಣ್ಣನ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ, ನಮ್ಮ ಮಾತು ಕೇಳಿ ಕೇಳಿ. ಮೂವತ್ತೊಂದು ವರ್ಷ ಅವರು ನಮ್ಮ ಪುಟ್ಟ ಕ್ರೈಸ್ತ ಹಳ್ಳಿ ಲಿಂಡೆನ್‌ಹೋಫ್‌ನ ಸಭಾಸೇವಕರಾಗಿದ್ದರು. ವರ್ಷಕ್ಕೆರಡು ಬಾರಿ, ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹಿಂದಿನ ಭಾನುವಾರ, ಸಭೆಯ ಹಿರಿಯರಾದ ಗೆರ್ಹಾರ್ಟ್ ಮುಂದೆ ನಿಂತು ಒಂದು ತೀರ್ಮಾನ ಓದಿ, "ಇಲ್ಲಿ ಆಳುವವರು ಯಾರೂ ಇಲ್ಲ ಸಹೋದರರೇ, ಸಭೆಯ ಸ್ವರವೇ ದೊಡ್ಡದು" ಎಂದು ಕುಳಿತ ಮೇಲೆ, ಆ ಸ್ವರವನ್ನು ಬೆಂಚಿನಿಂದ ಬೆಂಚಿಗೆ ಹೋಗಿ ಸಂಗ್ರಹಿಸಿ ತರುವುದು ಅವರ ಕೆಲಸ. ಒಬ್ಬೊಬ್ಬರ ಮುಂದೆಯೂ ಬಾಗಿ ಬಲಗಿವಿ ಕೊಡುವರು. ಎಡಗಿವಿಯನ್ನು ಒಕ್ಕಣೆ ಯಂತ್ರದ ಸದ್ದು ಎಂದೋ ತಿಂದುಹಾಕಿತ್ತು. ನಾವು "ಒಪ್ಪಿದೆ" ಎಂದು ಪಿಸುಗುಟ್ಟುವೆವು. ಬೆಂಚಿನ ಬೆನ್ನಿಗೆ ಊರಿ ಊರಿ ಅವರ ಕಪ್ಪು ಕೋಟಿನ ಎಡಮೊಣಕೈ ಕನ್ನಡಿಯಂತೆ ನುಣುಪಾಗಿತ್ತು.

ಒಬ್ಬರೇ ಒಬ್ಬರು "ಬೇಡ" ಎಂದರೂ ತೀರ್ಮಾನ ಆರು ತಿಂಗಳು ಮುಂದಕ್ಕೆ ಹೋಗಬೇಕೆಂಬುದು ನಮ್ಮ ನಿಯಮ. ಹೊರಗಿನವರೆದುರು ಇದನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಹಾಗೆ ಮುಂದಕ್ಕೆ ಹೋದ ತೀರ್ಮಾನವೊಂದೂ ನನ್ನ ನೆನಪಿನಲ್ಲಿಲ್ಲ. ಇನ್ನೊಂದು ನಿಯಮವೂ ಇತ್ತು: ಸ್ವರ ಸಂಗ್ರಹಿಸುವವನಿಗೆ ಸ್ವಂತ ಸ್ವರವಿಲ್ಲ.

ಅವರದೊಂದು ಅಭ್ಯಾಸವಿತ್ತು, ಕಾಯುವುದು. ಮನೆಮನೆಗೆ ಫೋನು ಬೇಡವೆಂಬ ತೀರ್ಮಾನ ಬಂದ ವರ್ಷ ವಿಧವೆ ಅಗನೇತಾ, "ನಂಗೆ ಮನಸ್ಸಿಲ್ಲ ಕಣಪ್ಪ, ಒಂಟಿ ಹೆಂಗಸು" ಎಂದಳು. ಕಾರ್ನೀಲಿಯಸ್ ಅಣ್ಣ ಗದರಲಿಲ್ಲ, ಮುಖ ಕೂಡ ನೋಡಲಿಲ್ಲ. ಬಾಗಿದವರು ಬಾಗಿಯೇ ಇದ್ದರು. ಕೊನೆಗೆ ಅವಳೇ, "ಇನ್ನೂ ಇಲ್ಲೇ ಇದ್ದೀಯಾ? ಆಯ್ತು ಮಾರಾಯ, ಒಪ್ಪಿದೆ. ಬೆನ್ನು ನೋಯಿಸ್ಕೋಬೇಡ" ಎಂದಳು. ಅಂದು ಮಧ್ಯಾಹ್ನ ಎಲೆಕೋಸಿನ ಸಾರು ಹೀರುತ್ತ ನಾವೆಲ್ಲ ಅದನ್ನು ಹೇಳಿಕೊಂಡು ನಕ್ಕೆವು. ಬೇಲಿ ಕಟ್ಟುವಾಗೊಮ್ಮೆ ಅವರೇ ನನಗೆ ಹೇಳಿದ್ದರು, "ನಾನು ಯಾರಿಗೂ ಬಲವಂತ ಮಾಡಿಲ್ಲ ತಮ್ಮಾ. ಕಾಯ್ತೀನಿ, ಅಷ್ಟೆ." ಅದು ದಯೆಯೆಂದೇ ಅವರು ನಂಬಿದ್ದರು. ನಾನೂ ನಂಬಿದ್ದೆ.

ಅವರ ಒಬ್ಬಳೇ ಮಗಳು ಯುಸ್ಟೀನಾ, ತಾಯಿಯಿಲ್ಲದೆ ಬೆಳೆದವಳು, ನಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಕೌದಿ ಹೊಲಿಯಲು ಹೆಂಗಸರು ಸೇರಿದ್ದಾಗ ಸೂಜಿಗೆ ದಾರ ಪೋಣಿಸುತ್ತ ಅವಳು ಕೇಳಿದ್ದಿಷ್ಟೇ: "ಬೇಡ ಅಂತ ಯಾರಾದ್ರೂ ಅಂದ್ರೆ ಅದು ಅಪ್ಪನ ಕಿವಿಯಿಂದ ಮುಂದಕ್ಕೆ ಎಲ್ಲಿಗೆ ಹೋಗುತ್ತೆ? ಎಲ್ರೂ ಗಟ್ಟಿಯಾಗೇ ಹೇಳಬಹುದಲ್ವಾ?" ಮಾತು ಗೆರ್ಹಾರ್ಟರಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವರು ಹೇಳಿ ಕಳಿಸಿದರು: ಸಭೆಯೆದುರು ಮೊಣಕಾಲೂರಿ ಪಶ್ಚಾತ್ತಾಪ ಪಡಬೇಕು, ಇಲ್ಲವಾದರೆ ಬಹಿಷ್ಕಾರ. ಹಾಗಾದರೆ ಹೆತ್ತ ತಂದೆಯೂ ಅವಳೊಂದಿಗೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. "ಕೇಳಿದ್ದಕ್ಕೆ ಪಶ್ಚಾತ್ತಾಪ ಹೇಗೆ ಪಡ್ಲಿ?" ಎಂದಳು ಅವಳು.

ಆ ವಾರವೆಲ್ಲ ಕಾರ್ನೀಲಿಯಸ್ ಅಣ್ಣ ಮನೆಮನೆಯ ಅಂಗಳಕ್ಕೆ ಬಂದರು. ಸ್ವರ ಬೇಡುವುದು ಪಾಪ, ಆದ್ದರಿಂದ ಬಾಯಿಬಿಟ್ಟು ಕೇಳುವಂತಿರಲಿಲ್ಲ. ನಾನೆಂದೂ ಕೊಡದ ಸುತ್ತಿಗೆಯೊಂದನ್ನು ನನಗೆ "ವಾಪಸು" ಕೊಡಲು ಬಂದು, ಗೇಟು ಹಿಡಿದು ನಿಂತು, "ಈ ಸಲ ಹಿಮ ಬೇಗ ಬೀಳುತ್ತೇನೋ" ಎಂದರು. ನನಗೆ ಅರ್ಥವಾಗಲಿಲ್ಲವೆಂದರೆ ಅರ್ಧ ಸುಳ್ಳಾಗುತ್ತದೆ. "ಬೀಳಬಹುದು ಅಣ್ಣಾ" ಎಂದೆ.

ಭಾನುವಾರ ಯುಸ್ಟೀನಾಳನ್ನು ಹೊರಗೆ ಕೂರಿಸಿದರು. ಅವಳ ಬಹಿಷ್ಕಾರದ ತೀರ್ಮಾನ ಓದಿದ್ದಾಯಿತು, ಸಭೆಯ ಸ್ವರವೇ ದೊಡ್ಡದೆಂಬ ಮಾತೂ ಆಯಿತು. ಕಾರ್ನೀಲಿಯಸ್ ಅಣ್ಣ ಮೊದಲ ಬೆಂಚಿಗೆ ಬಂದು ಬಾಗಿದರು. "ಒಪ್ಪಿದೆ" ಎಂದಿತು ಮೊದಲ ಬಾಯಿ. ಅವರು ಕದಲಲಿಲ್ಲ, ಕಾದರು. ಮೂವತ್ತೊಂದು ವರ್ಷ ಆ ಕಾಯುವಿಕೆಗೆ ಒಂದೇ ಅರ್ಥವಿತ್ತಲ್ಲ. ಆ ಮನುಷ್ಯ ಗಾಬರಿಯಾಗಿ, ಮೊದಲಿಗಿಂತ ಗಟ್ಟಿಯಾಗಿ, "ಒಪ್ಪಿದೆ ಅಣ್ಣಾ" ಎಂದ. ಪಕ್ಕದವನೂ ಹಾಗೆಯೇ. ಹೆಂಗಸರ ಸಾಲಿನಲ್ಲಿ ಅಗನೇತಾ ಕೂಡ, ಎಂದೋ ಕಲಿತ ಪಾಠ ಮರೆಯದೆ, ಎರಡನೆಯ ಸಲ ಒಪ್ಪಿಸಿದಳು. ನನ್ನ ಸರದಿ ಬಂತು. ಆ ಕಿವಿ ನನ್ನ ತುಟಿಯ ಹತ್ತಿರವಿತ್ತು, ಅದರ ಹಿಂದೆ ಬೆವರು ಇಳಿಯುತ್ತಿತ್ತು, ಎದುರಿನಿಂದ ಗೆರ್ಹಾರ್ಟ್ ನೋಡುತ್ತಿದ್ದರು. "ಒಪ್ಪಿದೆ" ಎಂದೆ. ಕಿವಿ ಅಲ್ಲೇ ಇತ್ತು. "ಒಪ್ಪಿದೆ" ಎಂದು ಮತ್ತೆ ಹೇಳಿದೆ, ಪಕ್ಕದವರಿಗೂ ಕೇಳುವಷ್ಟು ಸ್ಪಷ್ಟವಾಗಿ.

ಎಲ್ಲರನ್ನೂ ಮುಗಿಸಿ ಅವರು ಮುಂದೆ ಹೋಗಿ ನಿಂತರು. "ಸಭೆಯ ಸ್ವರವೇನು?" ಎಂದು ಗೆರ್ಹಾರ್ಟ್ ಕೇಳಿದರು. "ಸಭೆ ಏಕಸ್ವರವಾಗಿದೆ" ಎಂಬುದು ಅಲ್ಲಿಯ ರೂಢಿಯ ಮಾತು. ಕಾರ್ನೀಲಿಯಸ್ ಅಣ್ಣ, "ಎಲ್ಲರೂ ಎರಡೆರಡು ಸಲ ಒಪ್ಪಿದಾರೆ" ಎಂದರು.

ಯುಸ್ಟೀನಾ ಆ ವಾರವೇ ಬಸ್ಸು ಹತ್ತಿ ರೆಜೈನಾ ನಗರಕ್ಕೆ ಹೋದಳು. ಮಗಳು ಹೋದ ಮೇಲೂ ಅವರ ಅಡುಗೆಮನೆಯಲ್ಲಿ ಬಹಿಷ್ಕಾರದ ಆ ಕೆಲವು ದಿನ ಅವಳಿಗಾಗಿ ಹಾಕಿದ್ದ ಬೇರೆ ಮೇಜು ಹಾಗೇ ಉಳಿಯಿತು. ಅವರು ಊಟಕ್ಕೆ ಕೂರುವುದು ಅದರಲ್ಲೇ.

ಇಂಥವರು ಎಲ್ಲ ಸಭೆಗಳಲ್ಲೂ ಇರುತ್ತಾರೆ, ಕೆಟ್ಟವರಲ್ಲ. ಜನರ ಮಾತನ್ನು ಕೈಯಲ್ಲಿ ಹಿಡಿದು ಜೋಪಾನವಾಗಿ ಒಯ್ಯುತ್ತಿದ್ದೇವೆಂದು ಪ್ರಾಮಾಣಿಕವಾಗಿ ನಂಬಿ, ತಮಗೇ ಅರಿವಾಗದಂತೆ ಆ ಜನರಿಗೆ ಒಂದೇ ಮಾತನ್ನು ಕಲಿಸಿಬಿಡುವವರು. ತಮ್ಮ ಮನೆಯ ಬಾಗಿಲಿಗೆ ಬೆಂಕಿ ಬಂದ ದಿನ ಅವರು ಇನ್ನೊಂದು ಮಾತಿಗಾಗಿ ಕಿವಿಯೊಡ್ಡುತ್ತಾರೆ. ಅಷ್ಟು ಹೊತ್ತಿಗೆ ಆ ಮಾತು ನಮ್ಮ ಯಾರ ಬಾಯಲ್ಲೂ ಇರುವುದಿಲ್ಲ.